ವಿದ್ವಾಂಸರ ಸ್ವವಿವರಪತ್ರ: ಅದರ ಸ್ವರೂಪ ಮತ್ತು ರಚನಾಕ್ರಮ

೧. ಪೀಠಿಕೆ

ವಿಶ್ವವಿದ್ಯಾನಿಲಯದ ಅಧ್ಯಾಪಕ ಹುದ್ದೆಗಾಗಲಿ, ಸಂಶೋಧನವೇತನಕ್ಕಾಗಲಿ, ಗ್ರಂಥಪ್ರಕಟನೆಯ ಧನಸಹಾಯಕ್ಕಾಗಲಿ ಅರ್ಜಿ ಸಲ್ಲಿಸುವವರು ತಮ್ಮ ವ್ಯಾಸಂಗ, ಉದ್ಯೋಗ, ಕೃತಿ, ಬೋಧನೆ ಇವುಗಳನ್ನು ಒಂದೆಡೆ ಕ್ರಮವಾಗಿ ಬರೆದು ಒಪ್ಪಿಸುವ ಪತ್ರಕ್ಕೆ ಲ್ಯಾಟಿನ್ ಭಾಷೆಯಿಂದ ಬಂದ ‘ಕರಿಕ್ಯುಲಂ ವೀಟೆ’ ಎಂಬ ಹೆಸರು ರೂಢವಾಗಿದೆ. ‘ಬಾಳಿನ ನಡೆ’ ಎಂಬುದು ಆ ಮಾತಿನ ಸ್ಥೂಲವಾದ ಅರ್ಥ. ಕನ್ನಡನಾಡಿನ ಕಾಲೇಜುಗಳಲ್ಲಿ ಅದನ್ನು ಸಿ.ವಿ. ಎಂದೂ ಬಯೋಡೇಟಾ ಎಂದೂ ಸ್ವವಿವರವೆಂದೂ ಕರೆಯುವುದುಂಟು. ಇಲ್ಲಿ ಸ್ವವಿವರಪತ್ರವೆಂಬ ಮಾತನ್ನೇ ಇಟ್ಟುಕೊಳ್ಳಲಾಗಿದೆ.

ಇಂಥ ಪತ್ರವನ್ನು ಬರೆಯುವುದು ಗುಮಾಸ್ತೆಯ ಕೆಲಸವೆಂದು ಸಾಹಿತ್ಯದ ಅಧ್ಯಾಪಕರಲ್ಲಿ ಅನೇಕರು ಎಣಿಸುವರು. ಅರ್ಜಿಯ ಕಡೆಯ ದಿನ ಸಮೀಪಿಸಿದಾಗ ಹಳೆಯ ಪತ್ರವೊಂದನ್ನು ಹುಡುಕಿ ತೆಗೆದು, ಅದರ ತುದಿಗೆ ನಾಲ್ಕು ಸಾಲುಗಳನ್ನು ಸೇರಿಸಿ ಕಳುಹಿಸುವುದೇ ವಾಡಿಕೆಯಾಗಿದೆ. ಇದರಿಂದಾಗುವ ಹಾನಿ ಅಲ್ಪವಾದುದಲ್ಲ. ಹತ್ತು ವರ್ಷ ಓಲೆಗರಿಗಳನ್ನು ಓದಿ ಒಂದು ಕಾವ್ಯದ ಪಾಠವನ್ನು ಶೋಧಿಸಿದವರ ಶ್ರಮವೂ, ಎರಡು ದಿನಗಳ ವಿಚಾರಸಂಕಿರಣಗಳಲ್ಲಿ ಕುಳಿತು ಪ್ರಮಾಣಪತ್ರಗಳನ್ನು ಕೂಡಿಹಾಕಿದವರ ಶ್ರಮವೂ ಆಯ್ಕೆಸಮಿತಿಯ ಮೇಜಿನ ಮೇಲೆ ಒಂದೇ ಬಗೆಯ ಸಾಲುಗಳಾಗಿ ತೋರಿದರೆ, ಒಬ್ಬರ ಉದ್ಯೋಗದೊಡನೆ ಆ ವಿದ್ಯೆಯ ಪಾಠಪರಂಪರೆಯೂ ಕೆಡುವುದು. ಓಲೆಗರಿಯನ್ನು ಓದಬಲ್ಲವರು ತರಗತಿಯಿಂದ ಹೊರಗೆ ಉಳಿದರೆ ಅದನ್ನು ಕಲಿಯುವವರು ಎಲ್ಲಿಂದ ಬರಬೇಕು?

ಒಳ್ಳೆಯ ಸ್ವವಿವರಪತ್ರಕ್ಕೆ ಪ್ರಾಮಾಣ್ಯವೇ ಜೀವ. ಬರೆದವರನ್ನು ಎಂದೂ ಕಾಣದ, ಅವರಲ್ಲಿ ವಿಶೇಷವಾದ ವಿಶ್ವಾಸವಾಗಲಿ ಅವಿಶ್ವಾಸವಾಗಲಿ ಇಲ್ಲದ ಓದುಗನೊಬ್ಬನು ಪ್ರತಿಯೊಂದು ಸಾಲನ್ನೂ ಬೇರೆ ಆಧಾರಗಳಿಂದ ಪರೀಕ್ಷಿಸಲು ಸಾಧ್ಯವಾಗುವಂತೆ ಅದು ಇರತಕ್ಕದ್ದು. ಉಳಿದ ನಿಯಮಗಳೆಲ್ಲವೂ ಈ ಒಂದರಿಂದಲೇ ಹುಟ್ಟುವುವು. ಸಾಹಿತ್ಯಚರಿತ್ರೆಯನ್ನು ಅಭ್ಯಾಸಮಾಡಿದವರಿಗೆ ಈ ತತ್ತ್ವವು ಅಪರಿಚಿತವಲ್ಲ. ಪ್ರಾಚೀನ ಕವಿಗಳು ತಮ್ಮ ವಿಷಯದಲ್ಲಿ ಹೇಳಿಕೊಂಡ ಮಾತುಗಳನ್ನು ಅವರು ಪರೀಕ್ಷಿಸುವುದು ಇದೇ ತತ್ತ್ವದಿಂದ.

೨. ಪೂರ್ವಕವಿಗಳ ಸ್ವೋಕ್ತಿಗಳು

ಕನ್ನಡದ ಚಂಪೂಕವಿಗಳು ಗ್ರಂಥದ ಆದಿಯಲ್ಲಿಯೋ ಅಂತ್ಯದಲ್ಲಿಯೋ ತಮ್ಮ ವಂಶ, ಗುರು, ಆಶ್ರಯದಾತ, ಕೃತಿ, ಕಾಲ ಇವುಗಳನ್ನು ನಿರೂಪಿಸುತ್ತಿದ್ದರು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು (೧೯೦೭, ೧೯೧೯, ೧೯೨೯) ಬಹುಮಟ್ಟಿಗೆ ಇಂಥ ಸ್ವೋಕ್ತಿಗಳನ್ನು ಶಾಸನಗಳೊಡನೆಯೂ ಇತರ ಕವಿಗಳ ಮಾತುಗಳೊಡನೆಯೂ ಹೋಲಿಸಿ ನೋಡಿದುದರ ಫಲ. ಯಾವ ಸ್ವೋಕ್ತಿ ಚರಿತ್ರಕಾರನಿಗೆ ಉಪಯೋಗಕ್ಕೆ ಬಂದಿತು, ಯಾವುದು ಬರಲಿಲ್ಲ ಎಂಬುದನ್ನು ನೋಡಿದರೆ ಸ್ವವಿವರಪತ್ರದ ಲಕ್ಷಣಗಳು ತಾವಾಗಿಯೇ ಸ್ಪಷ್ಟವಾಗುವುವು.

ಪಂಪನು ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದುದನ್ನೂ, ಆದಿಪುರಾಣವು ಶಕವರ್ಷ ೮೬೩ರ ಪ್ಲವ ಸಂವತ್ಸರದಲ್ಲಿ ಮುಗಿದುದನ್ನೂ ಹೇಳಿರುವನು. ಇವುಗಳಿಂದ ಅವನ ಜನನವು ಕ್ರಿ.ಶ. ೯೦೨, ಗ್ರಂಥದ ಕಾಲವು ೯೪೧ ಎಂದು ನಿಶ್ಚಯಿಸುವುದು ಸಾಧ್ಯವಾಯಿತು. ಅರಿಕೇಸರಿಯು ತನಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನೆಂಬ ಅವನ ಮಾತಿಗೆ, ತಮ್ಮನಾದ ಜಿನವಲ್ಲಭನು ಈಗಿನ ತೆಲಂಗಾಣದ ಕರೀಂನಗರ ಪ್ರಾಂತದ ಕುರ್ಕ್ಯಾಲದ ಬಳಿ ಬಂಡೆಯ ಮೇಲೆ ಕೆತ್ತಿಸಿದ ಶಾಸನವು ಸಾಕ್ಷಿ ನುಡಿಯುತ್ತದೆ. ಭಾರತವನ್ನು ಆರು ತಿಂಗಳಲ್ಲಿಯೂ ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ಮುಗಿಸಿದೆನೆಂಬ ಮಾತೂ ಅವನದೇ. ಆದರೆ ಇದಕ್ಕೆ ಅಂಥ ಹೊರಸಾಕ್ಷ್ಯವಿಲ್ಲ. ಚರಿತ್ರಕಾರರು ಅದನ್ನು ಕವಿಯ ಮಾತೆಂದು ಉಲ್ಲೇಖಿಸಿ ಮುಂದೆ ಸಾಗುವರು.

ರನ್ನನ ಸ್ವೋಕ್ತಿಯು ಇನ್ನೂ ವಿಸ್ತಾರವಾದುದು. ಹುಟ್ಟಿದ ಊರು ಮುದುವೊಳಲು, ವರ್ಷ ಸೌಮ್ಯ ಸಂವತ್ಸರ, ಕುಲ ಬಳೆಗಾರರದು, ಗುರು ಅಜಿತಸೇನಾಚಾರ್ಯ, ಪೋಷಕರು ಚಾವುಂಡರಾಯ ಮತ್ತು ಅತ್ತಿಮಬ್ಬೆ ಎಂಬಿವೆಲ್ಲ ಅದರಲ್ಲಿವೆ. ೯೯೩ರ ಅಜಿತಪುರಾಣದಲ್ಲಿ ಅವನು ತನ್ನ ಕೃತಿಗಳ ಸಾಲಿನಲ್ಲಿ ಪರಶುರಾಮಚರಿತ, ಚಕ್ರೇಶ್ವರಚರಿತ ಎಂಬ ಎರಡನ್ನು ಹೆಸರಿಸಿರುವನು. ಆ ಎರಡೂ ಕಾವ್ಯಗಳು ದೊರೆತಿಲ್ಲ. ಕವಿಯು ತನ್ನ ಕೃತಿಗಳ ಪಟ್ಟಿಯನ್ನು ಕೊಡದಿದ್ದರೆ ಅವು ಇದ್ದುವೆಂಬುದೇ ಇಂದಿಗೆ ತಿಳಿಯುತ್ತಿರಲಿಲ್ಲ.

ಹೇಳದೆ ಬಿಟ್ಟುದರಿಂದ ಉಂಟಾದ ತೊಡಕುಗಳೂ ಅಷ್ಟೇ ಬೋಧಪ್ರದವಾಗಿವೆ. ಕವಿರಾಜಮಾರ್ಗವು ನೃಪತುಂಗನ ಕೃತಿಯೋ, ಅವನ ಅನುಮತದಿಂದ ಶ್ರೀವಿಜಯನು ರಚಿಸಿದುದೋ ಎಂಬ ವಾದವು ದೀರ್ಘಕಾಲ ನಡೆಯಿತು. ಯಾರ ಕೈವಾಡ ಎಷ್ಟೆಂಬುದು ಗ್ರಂಥದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಲ್ಪಡದಿದ್ದುದೇ ಇದಕ್ಕೆ ಕಾರಣ. ನಾಗವರ್ಮನೆಂಬ ಒಂದೇ ಹೆಸರಿನಿಂದ ಛಂದೋಂಬುಧಿ, ಕರ್ಣಾಟಕ ಕಾದಂಬರಿಗಳೂ ಕಾವ್ಯಾವಲೋಕನ, ಭಾಷಾಭೂಷಣಗಳೂ ಪ್ರಸಿದ್ಧವಾಗಿರುವುದರಿಂದ ಇಬ್ಬರನ್ನು ಬೇರ್ಪಡಿಸುವುದಕ್ಕೆ ವಿದ್ವಾಂಸರು ಬಹಳ ಶ್ರಮಪಡಬೇಕಾಯಿತು. ಎರಡನೆಯವನು ಜಗದೇಕಮಲ್ಲನ ಕಟಕೋಪಾಧ್ಯಾಯನಾಗಿದ್ದನೆಂಬುದು ತಿಳಿದಮೇಲೂ ಕಾಲವು ಸ್ಥಿರವಾಗಲಿಲ್ಲ. ಜಗದೇಕಮಲ್ಲನೆಂಬ ಬಿರುದನ್ನು ಧರಿಸಿದ ಚಾಳುಕ್ಯ ಅರಸರು ಇಬ್ಬರಾದುದರಿಂದ, ಒಂದು ಪಕ್ಷದವರು ಹನ್ನೊಂದನೆಯ ಶತಮಾನವನ್ನೂ ಇನ್ನೊಂದು ಪಕ್ಷದವರು ಹನ್ನೆರಡನೆಯ ಶತಮಾನವನ್ನೂ ಹೇಳಿದರು. ಜೈಮಿನಿ ಭಾರತದ ಲಕ್ಷ್ಮೀಶನು ಕಾಲವನ್ನು ಹೇಳಲಿಲ್ಲ; ಅವನ ಊರು ಕಡೂರಿನ ಕಡೆಯ ದೇವನೂರೋ ಉತ್ತರದ ಸುರಪುರವೋ ಎಂಬ ಚರ್ಚೆಗೂ ಎಡೆಯಾಯಿತು.

ಇವುಗಳಿಂದ ನಾಲ್ಕು ಸೂತ್ರಗಳು ಸಿದ್ಧಿಸುವುವು. ಕಾಲವನ್ನು ಅಂಕೆಯಲ್ಲಿ ಕೊಡಬೇಕು. ಹೆಸರು ಬೇರೊಬ್ಬರ ಹೆಸರಿನೊಡನೆ ಬೆರೆಯದಂತಿರಬೇಕು. ಅನೇಕರ ಕೃತಿಯಲ್ಲಿ ತನ್ನ ಪಾಲು ಎಷ್ಟೆಂಬುದು ಸ್ಪಷ್ಟವಾಗಬೇಕು. ಪಟ್ಟಿಯು ಪೂರ್ಣವಾಗಿರಬೇಕು.

೩. ಪತ್ರದ ಅಂಗಗಳು

ಪತ್ರದ ಶಿರೋಭಾಗದಲ್ಲಿ ಹೆಸರು, ಈಗಿನ ಹುದ್ದೆ, ಸಂಸ್ಥೆ, ಅಂಚೆ ಮತ್ತು ಮಿಂಚಂಚೆಯ ವಿಳಾಸ, ದೂರವಾಣಿ ಇಷ್ಟು ಸಾಕು. ಕನ್ನಡಿಗರ ಹೆಸರುಗಳಲ್ಲಿ ಊರು ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಸೇರುವುದರಿಂದ ಗೊಂದಲಕ್ಕೆ ಅವಕಾಶ ಹೆಚ್ಚು. ಒಂದು ಲೇಖನದಲ್ಲಿ ಎರಡು ಮೊದಲಕ್ಷರ, ಇನ್ನೊಂದರಲ್ಲಿ ಒಂದು, ಮತ್ತೊಂದರಲ್ಲಿ ಕಾವ್ಯನಾಮ, ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತ ಎಂದಾದರೆ ಗ್ರಂಥಾಲಯದ ಸೂಚಿಯಲ್ಲಿ ಒಬ್ಬರೇ ನಾಲ್ವರಾಗುವರು; ಮೂವರು ಶ್ರೀನಿವಾಸಮೂರ್ತಿಗಳು ಒಬ್ಬರಾಗುವುದೂ ಉಂಟು. ಆದುದರಿಂದ ಮೊದಲ ಪ್ರಕಟನೆಯಿಂದಲೇ ಒಂದು ರೂಪವನ್ನು ಆರಿಸಿಕೊಂಡು ಕಡೆಯವರೆಗೂ ಅದನ್ನೇ ಪಾಲಿಸುವುದು ಮೇಲು. ರೂಪಭೇದಗಳು ಆಗಲೇ ಉಂಟಾಗಿದ್ದರೆ ಅವುಗಳನ್ನು ಶಿರೋಭಾಗದಲ್ಲಿಯೇ ಸೂಚಿಸಬೇಕು. ಈ ತೊಡಕಿಗೆ ಪರಿಹಾರವಾಗಿ ೨೦೧೨ರಲ್ಲಿ ಆರಂಭವಾದ ‘ಓರ್ಕಿಡ್’ ಎಂಬ ವ್ಯವಸ್ಥೆಯು ಪ್ರತಿಯೊಬ್ಬ ಸಂಶೋಧಕರಿಗೂ ಹದಿನಾರು ಸ್ಥಾನಗಳ ಒಂದು ಗುರುತಿನ ಸಂಖ್ಯೆಯನ್ನು ಶುಲ್ಕವಿಲ್ಲದೆ ಕೊಡುತ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ‘ವಿದ್ವಾನ್’ ಎಂಬ ವಿದ್ವತ್ಸೂಚಿಯೂ ಇದೆ. ಇವುಗಳಲ್ಲಿ ಹೆಸರು ನಮೂದಿಸಿದವರು ಆ ಗುರುತನ್ನು ಹೆಸರಿನ ಕೆಳಗೆ ಕೊಡುವುದು ಉಚಿತ.

ಹಿಂದಿನ ಪದ್ಧತಿಯ ಬಯೋಡೇಟಾದಲ್ಲಿ ತಂದೆಯ ಉದ್ಯೋಗ, ವಿವಾಹ, ಧರ್ಮ, ಜಾತಿ, ಎತ್ತರ ಇವು ಮೊದಲ ಸಾಲುಗಳನ್ನು ಆಕ್ರಮಿಸುತ್ತಿದ್ದುವು. ವಿದ್ವತ್ತಿನ ಪರೀಕ್ಷೆಗೆ ಇವು ಅಪ್ರಸ್ತುತ. ಮೀಸಲಾತಿ ಮತ್ತು ವಯಸ್ಸಿಗೆ ಸಂಬಂಧಿಸಿದ ವಿವರಗಳನ್ನು ಅರ್ಜಿಯ ನಮೂನೆಯು ಬೇರೆಯಾಗಿಯೇ ಕೇಳುತ್ತದೆ. ಅಲ್ಲಿ ಪ್ರಮಾಣಪತ್ರದೊಡನೆ ಅವನ್ನು ಕೊಡತಕ್ಕದ್ದು. ಆಧಾರ್ ಮೊದಲಾದ ಗುರುತಿನ ಸಂಖ್ಯೆಗಳು ಹಲವರ ಕೈ ದಾಟುವ ಸ್ವವಿವರಪತ್ರದಲ್ಲಿ ಇರಲೇಬಾರದು.

ವ್ಯಾಸಂಗ ಮತ್ತು ಉದ್ಯೋಗಗಳನ್ನು ಇತ್ತೀಚಿನದರಿಂದ ಆರಂಭಿಸಿ ಹಿಂದಕ್ಕೆ ಸಾಗುವ ಕ್ರಮದಲ್ಲಿ ಬರೆಯುವುದು ಎಲ್ಲೆಡೆಯಲ್ಲಿಯೂ ಅಂಗೀಕೃತವಾಗಿದೆ. ಪ್ರತಿಯೊಂದು ಪದವಿಗೂ ವಿಷಯ, ವಿಶ್ವವಿದ್ಯಾನಿಲಯ, ವರ್ಷ ಇವು ಬೇಕು. ಡಾಕ್ಟರೇಟ್ ಪದವಿಗೆ ಮಹಾಪ್ರಬಂಧದ ಶೀರ್ಷಿಕೆಯೂ ಮಾರ್ಗದರ್ಶಕರ ಹೆಸರೂ ಸೇರಬೇಕು. ಪ್ರಬಂಧವನ್ನು ಸಲ್ಲಿಸಿದ ವರ್ಷ ಬೇರೆ, ಪದವಿ ದೊರೆತ ವರ್ಷ ಬೇರೆ. ಇವೆರಡನ್ನು ಬೆರೆಸಿ ಬರೆದುದು ಮೂಲಪತ್ರಗಳನ್ನು ಪರಿಶೀಲಿಸುವಾಗ ಸುಳ್ಳಿನಂತೆ ತೋರುವುದು. ಉದ್ಯೋಗದಲ್ಲಿ ಖಾಯಂ, ತಾತ್ಕಾಲಿಕ, ಅತಿಥಿ ಎಂಬ ಭೇದವನ್ನು ಮರೆಸಬಾರದು. ಅತಿಥಿ ಉಪನ್ಯಾಸಕರಾಗಿ ಏಳು ವರ್ಷ ಪಾಠ ಹೇಳಿದುದು ನಾಚಿಕೆಪಡುವ ಸಂಗತಿಯಲ್ಲ. ಅದನ್ನು ಮಸುಕಾಗಿ ಬರೆದರೆ ಮಾತ್ರ ಸಂಶಯಕ್ಕೆ ಎಡೆಯಾಗುವುದು. ನಡುವೆ ಒಂದೆರಡು ವರ್ಷ ಬಿಟ್ಟುಹೋಗಿದ್ದರೆ ಹೆರಿಗೆ, ಅನಾರೋಗ್ಯ, ಕ್ಷೇತ್ರಕಾರ್ಯ ಮುಂತಾಗಿ ಒಂದು ಸಾಲಿನ ಕಾರಣ ಸಾಕು. ಹೇಳದೆ ಬಿಟ್ಟ ವರ್ಷಗಳನ್ನು ಓದುಗನು ತನ್ನ ಊಹೆಯಿಂದಲೇ ತುಂಬಿಕೊಳ್ಳುವನು.

ಬೋಧನೆಯ ವಿಭಾಗದಲ್ಲಿ ‘ಇಪ್ಪತ್ತು ವರ್ಷಗಳ ಅನುಭವ’ ಎಂದು ಬರೆದರೆ ಏನೂ ತಿಳಿಯದು. ಯಾವ ತರಗತಿಗೆ, ಯಾವ ಪತ್ರಿಕೆಯನ್ನು, ಯಾವ ವರ್ಷದಿಂದ ಯಾವ ವರ್ಷದವರೆಗೆ ಬೋಧಿಸಿತೆಂಬುದು ಬೇಕು. ಸ್ನಾತಕೋತ್ತರ ತರಗತಿಯಲ್ಲಿ ಹಳಗನ್ನಡ ಕಾವ್ಯ ಮತ್ತು ಛಂದಸ್ಸು ಎಂದು ಬರೆದರೆ, ಆ ವಿಷಯವನ್ನು ಬೋಧಿಸಬಲ್ಲವರನ್ನು ಹುಡುಕುತ್ತಿರುವ ವಿಭಾಗಕ್ಕೆ ಅದೊಂದೇ ಸಾಲು ನಿರ್ಣಾಯಕವಾಗಬಹುದು. ಮಾರ್ಗದರ್ಶನದಲ್ಲಿ ಪದವಿ ಪಡೆದ ವಿದ್ಯಾರ್ಥಿಗಳ ಪ್ರಬಂಧಗಳನ್ನೂ ಇನ್ನೂ ನಡೆಯುತ್ತಿರುವವನ್ನೂ ಬೇರೆಬೇರೆಯಾಗಿ ಕೊಡಬೇಕು.

೪. ಕೃತಿಗಳ ಪಟ್ಟಿ

ಸ್ವವಿವರಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಶ್ರದ್ಧೆಯನ್ನು ಬೇಡುವ ಭಾಗವಿದು. ‘ಹಳಗನ್ನಡ ಸಾಹಿತ್ಯವನ್ನು ಕುರಿತು ಅನೇಕ ಲೇಖನಗಳು ಪ್ರಸಿದ್ಧ ಪತ್ರಿಕೆಗಳಲ್ಲಿ ಪ್ರಕಟವಾಗಿವೆ’ ಎಂಬ ವಾಕ್ಯವು ಪ್ರಶಸ್ತಿಯ ಜಾತಿಗೆ ಸೇರಿದುದು. ಅದನ್ನು ಪರೀಕ್ಷಿಸುವ ಬಗೆಯಿಲ್ಲ. ಲೇಖನಕ್ಕೆ ಶೀರ್ಷಿಕೆ, ಪತ್ರಿಕೆ, ಸಂಪುಟ, ಸಂಚಿಕೆ, ವರ್ಷ, ಪುಟಗಳು ಬೇಕು. ಗ್ರಂಥಕ್ಕೆ ಶೀರ್ಷಿಕೆ, ಪ್ರಕಾಶಕರು, ಸ್ಥಳ, ವರ್ಷ, ಮುದ್ರಣದ ಕ್ರಮಾಂಕ ಬೇಕು. ಜೊತೆಯ ಲೇಖಕರಿದ್ದರೆ ಗ್ರಂಥದ ಮುಖಪುಟದಲ್ಲಿ ಇರುವ ಕ್ರಮದಲ್ಲಿಯೇ ಎಲ್ಲರ ಹೆಸರುಗಳೂ ಬರಬೇಕು. ಉದಾಹರಣೆಗೆ, ಕವಿಚರಿತೆಯ ಮೊದಲ ಸಂಪುಟವು ಆರ್. ನರಸಿಂಹಾಚಾರ್ಯ ಮತ್ತು ಎಸ್. ಜಿ. ನರಸಿಂಹಾಚಾರ್ಯ ಇವರಿಬ್ಬರ ಹೆಸರಿನಲ್ಲಿ ೧೯೦೭ರಲ್ಲಿ ಹೊರಬಂದಿತು. ಮೂರು ಸಂಪುಟಗಳನ್ನೂ ಒಬ್ಬರದೇ ಎಂದು ಒಂದು ಸಾಲಿನಲ್ಲಿ ಬರೆದರೆ ಮತ್ತೊಬ್ಬ ವಿದ್ವಾಂಸರ ಶ್ರಮವು ಅಳಿದಂತಾಗುವುದು.

ಪಟ್ಟಿಯನ್ನು ವಿಂಗಡಿಸದೆ ಒಂದೇ ಸರಣಿಯಾಗಿ ಕೊಡುವುದು ಸಾಮಾನ್ಯವಾದ ದೋಷ. ಸ್ವತಂತ್ರ ಗ್ರಂಥಗಳು, ಶಾಸ್ತ್ರೀಯ ಪರಿಷ್ಕರಣಗಳು, ಅನುವಾದಗಳು, ವಿದ್ವಾಂಸರ ಪರಿಶೀಲನೆಯನ್ನು ದಾಟಿದ ಪತ್ರಿಕಾಲೇಖನಗಳು, ಗ್ರಂಥಗಳಲ್ಲಿ ಬಂದ ಅಧ್ಯಾಯಗಳು, ಪುಸ್ತಕವಿಮರ್ಶೆಗಳು, ದಿನಪತ್ರಿಕೆ ಮತ್ತು ಆಕಾಶವಾಣಿಯ ಬರಹಗಳು ಇವು ಬೇರೆಬೇರೆ ತಲೆಬರಹಗಳ ಕೆಳಗೆ ಬರತಕ್ಕುವು. ಮುನ್ನುಡಿ, ಬೆನ್ನುಡಿಗಳನ್ನು ಗ್ರಂಥಗಳ ನಡುವೆ ಸೇರಿಸಿ ಸಂಖ್ಯೆಯನ್ನು ಬೆಳೆಸಿದರೆ, ಅದನ್ನು ಕಂಡುಹಿಡಿದ ಓದುಗನು ನಿಜವಾದ ಗ್ರಂಥಗಳನ್ನೂ ಶಂಕಿಸತೊಡಗುವನು. ಇನ್ನೂ ಹೊರಬರದ ಬರಹಗಳಲ್ಲಿಯೂ ಮೆಟ್ಟಲುಗಳಿವೆ: ಸಿದ್ಧವಾಗುತ್ತಿರುವುದು, ಪತ್ರಿಕೆಗೆ ಕಳುಹಿಸಿದುದು, ಸ್ವೀಕೃತವಾದುದು, ಅಚ್ಚಿನಲ್ಲಿರುವುದು. ‘ಸದ್ಯದಲ್ಲಿಯೇ ಪ್ರಕಟವಾಗಲಿದೆ’ ಎಂಬ ಮಾತು ಐದು ವರ್ಷಗಳ ಪತ್ರಗಳಲ್ಲಿ ಒಂದೇ ಸಮನೆ ಉಳಿದಿದ್ದರೆ ಅದು ಬರೆದವರ ವಿರುದ್ಧವೇ ಸಾಕ್ಷಿಯಾಗುವುದು.

ಅಂಕಗಣನೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೮ರ ಜುಲೈ ತಿಂಗಳಿನಲ್ಲಿ ಹೊರಡಿಸಿದ ನಿಯಮಾವಳಿಯು ಸಂಶೋಧನೆಗೆ ಅಂಕಗಳನ್ನು ನಿಗದಿಮಾಡಿತು. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಪರಿಶೀಲಿತ ಪತ್ರಿಕೆಯ ಲೇಖನವೊಂದಕ್ಕೆ ೧೦, ರಾಷ್ಟ್ರೀಯ ಪ್ರಕಾಶಕರ ಗ್ರಂಥಕ್ಕೆ ೧೦, ಅಂತರರಾಷ್ಟ್ರೀಯ ಪ್ರಕಾಶಕರ ಗ್ರಂಥಕ್ಕೆ ೧೨, ಗ್ರಂಥದ ಅಧ್ಯಾಯಕ್ಕೆ ೫, ಅನುವಾದಗ್ರಂಥಕ್ಕೆ ೮ ಎಂದು ಅದು ವಿಧಿಸಿತು. ಇಬ್ಬರು ಕೂಡಿ ಬರೆದ ಕೃತಿಯಲ್ಲಿ ಒಬ್ಬೊಬ್ಬರಿಗೂ ಪೂರ್ಣಾಂಕದ ನೂರಕ್ಕೆ ೭೦ ಪಾಲು. ಇಂಥ ಗಣನೆಗಳು ಕಾಲಕಾಲಕ್ಕೆ ಮಾರ್ಪಡುವುವು. ಆಯೋಗವು ೨೦೧೯ರಿಂದ ಪ್ರಕಟಿಸುತ್ತಿದ್ದ ‘ಕೇರ್’ ಎಂಬ ಪತ್ರಿಕೆಗಳ ಪಟ್ಟಿಯು ೨೦೨೫ರಲ್ಲಿ ನಿಂತುಹೋದುದೇ ಇದಕ್ಕೆ ನಿದರ್ಶನ. ಆದುದರಿಂದ ಅಂಕಗಳ ಲೆಕ್ಕವನ್ನು ಆಯಾ ಸಂಸ್ಥೆಯು ಕೇಳಿದ ನಮೂನೆಯಲ್ಲಿ ಬೇರೆಯಾಗಿ ತುಂಬಿ, ಸ್ವವಿವರಪತ್ರದಲ್ಲಿ ಕೃತಿಯ ಪೂರ್ಣವಿವರವನ್ನು ಉಳಿಸಿಕೊಳ್ಳುವುದು ಯುಕ್ತ. ಗಣನೆಯ ಕ್ರಮ ಬದಲಾದರೂ ವಿವರವು ಕೆಡದು.

ಪತ್ರಿಕೆಗೆ ಐ.ಎಸ್.ಎಸ್.ಎನ್. ಎಂಬ ಎಂಟು ಸ್ಥಾನಗಳ ಸಂಖ್ಯೆ ಇದ್ದಮಾತ್ರಕ್ಕೆ ಅದು ವಿದ್ವತ್ಪತ್ರಿಕೆಯೆಂದು ಭಾವಿಸುವುದು ತಪ್ಪು. ಆ ಸಂಖ್ಯೆಯು ಪತ್ರಿಕೆಯನ್ನು ಗುರುತಿಸುವುದೇ ಹೊರತು ಅದರ ಗುಣವನ್ನು ಅಳೆಯುವುದಿಲ್ಲ. ಹಣ ಕೊಟ್ಟ ಕೆಲವೇ ದಿನಗಳಲ್ಲಿ ಯಾವ ಲೇಖನವನ್ನಾದರೂ ಅಚ್ಚುಹಾಕುವ, ‘ಅಂತರರಾಷ್ಟ್ರೀಯ’ ಎಂದು ತಮ್ಮನ್ನು ತಾವೇ ಕರೆದುಕೊಳ್ಳುವ ಪತ್ರಿಕೆಗಳೂ ಆ ಸಂಖ್ಯೆಯನ್ನು ಪಡೆದಿರುತ್ತವೆ. ಅಂಥ ಹತ್ತು ಲೇಖನಗಳಿಗಿಂತ, ಬಲ್ಲವರು ಓದಿ ತಿದ್ದಿದ ಎರಡು ಲೇಖನಗಳು ಪತ್ರಕ್ಕೆ ಹೆಚ್ಚಿನ ಗೌರವವನ್ನು ತರುವುವು.

ಕನ್ನಡವನ್ನು ಅರಿಯದ ಸದಸ್ಯರಿರುವ ಸಮಿತಿಗೆ ಪತ್ರವು ಹೋಗುವುದಾದರೆ ಪ್ರತಿ ಶೀರ್ಷಿಕೆಗೂ ಮೂರು ರೂಪಗಳು ಬೇಕು: ಮೂಲ, ಸಮಿತಿಯು ಓದುವ ಲಿಪಿಯಲ್ಲಿ ಅದರ ಉಚ್ಚಾರ, ಅದರ ಅರ್ಥ. ಅರ್ಥವನ್ನು ಮಾತ್ರ ಕೊಟ್ಟು ಮೂಲವನ್ನು ಬಿಟ್ಟರೆ ಆ ಕೃತಿಯನ್ನು ಯಾವ ಗ್ರಂಥಾಲಯದಲ್ಲಿಯೂ ಹುಡುಕಲಾಗದು.

೫. ಎಣಿಕೆಗೆ ಸಿಕ್ಕದ ಶ್ರಮ

ಕನ್ನಡ ವಿದ್ವಾಂಸರ ಸ್ವವಿವರಪತ್ರಕ್ಕೆ ವಿಶೇಷವಾದ ಒಂದು ಸಮಸ್ಯೆ ಇದೆ. ‘ಸಂಪಾದನೆ’ ಎಂಬ ಒಂದೇ ಮಾತು ಕನ್ನಡದಲ್ಲಿ ಎರಡು ಭಿನ್ನವಾದ ಕಾರ್ಯಗಳಿಗೆ ಬಳಕೆಯಾಗುತ್ತಿದೆ. ವಿಚಾರಸಂಕಿರಣದಲ್ಲಿ ಓದಿದ ಹತ್ತು ಪ್ರಬಂಧಗಳನ್ನು ಕೂಡಿಸಿ ಮುನ್ನುಡಿ ಬರೆಯುವುದು ಒಂದು. ಐದಾರು ಓಲೆಯ ಪ್ರತಿಗಳನ್ನು ದೊರಕಿಸಿ, ಅವುಗಳ ಪರಸ್ಪರ ಸಂಬಂಧವನ್ನು ನಿರ್ಧರಿಸಿ, ಪಾಠಾಂತರಗಳನ್ನು ತೂಗಿ ನೋಡಿ, ಲಿಪಿಕಾರರ ದೋಷಗಳನ್ನು ಬೇರ್ಪಡಿಸಿ, ಕವಿಯ ಪಾಠಕ್ಕೆ ಸಮೀಪವಾದುದನ್ನು ಸ್ಥಾಪಿಸುವುದು ಇನ್ನೊಂದು. ಎರಡನೆಯದು ಎಂಥ ಶಾಸ್ತ್ರವೆಂಬುದನ್ನು ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (೧೯೬೪) ಎಂಬ ಮಹಾಗ್ರಂಥವನ್ನು ಓದಿದವರು ಬಲ್ಲರು. ಆದರೆ ೨೦೧೮ರ ಅಂಕಪಟ್ಟಿಯಲ್ಲಿ ಈ ಎರಡಕ್ಕೂ ಬೇರೆ ಸ್ಥಾನಗಳಿರಲಿಲ್ಲ. ರಾಷ್ಟ್ರೀಯ ಪ್ರಕಾಶಕರ ಗ್ರಂಥದ ಸಂಪಾದಕರೆಂದು ೮ ಅಂಕಗಳು ಎರಡಕ್ಕೂ ಸಮಾನವಾಗಿದ್ದುವು. ಬರೆಯುವವರೂ ‘(ಸಂ.)’ ಎಂಬ ಒಂದಕ್ಷರದ ಸಂಕೇತದಲ್ಲಿ ಎರಡನ್ನೂ ಅಡಗಿಸಿಬಿಟ್ಟರೆ ಭೇದವು ತಿಳಿಯುವುದಕ್ಕೆ ಬೇರೆ ದಾರಿಯೇ ಉಳಿಯದು.

ಇದಕ್ಕೆ ಪರಿಹಾರವು ಸ್ವವಿವರಪತ್ರದಲ್ಲಿಯೇ ಇದೆ. ಪರಿಷ್ಕರಣಗಳಿಗೆ ಪ್ರತ್ಯೇಕವಾದ ತಲೆಬರಹವನ್ನು ಕೊಟ್ಟು, ಪ್ರತಿಯೊಂದರ ಕೆಳಗೆ ಒಂದೆರಡು ಸಾಲುಗಳಲ್ಲಿ ಬಳಸಿದ ಹಸ್ತಪ್ರತಿಗಳ ಸಂಖ್ಯೆ, ಅವು ಇರುವ ಭಂಡಾರ, ಲಿಪಿ, ಹಿಂದಿನ ಮುದ್ರಣಗಳು ಇದ್ದರೆ ಅವುಗಳಿಗಿಂತ ಇದರಲ್ಲಾದ ವಿಶೇಷ ಇವುಗಳನ್ನು ತಿಳಿಸಬೇಕು. ‘ಮೂರು ಓಲೆಯ ಪ್ರತಿಗಳು, ಒಂದು ಕಾಗದದ ಪ್ರತಿ, ಮೊದಲ ಮುದ್ರಣ’ ಎಂಬ ಎಂಟು ಪದಗಳು ಮಾಡುವ ಕೆಲಸವನ್ನು ‘ಅಪೂರ್ವವಾದ’, ‘ಶ್ಲಾಘನೀಯವಾದ’ ಎಂಬ ವಿಶೇಷಣಗಳು ಮಾಡಲಾರವು. ಜನಪದ ಸಾಹಿತ್ಯದ ಸಂಗ್ರಹಕ್ಕೂ ಇದೇ ನ್ಯಾಯ: ಯಾವ ತಾಲ್ಲೂಕು, ಯಾವ ವರ್ಷಗಳು, ಎಷ್ಟು ಮಂದಿ ಹಾಡುಗಾರರು, ಎಷ್ಟು ಗಂಟೆಗಳ ಧ್ವನಿಮುದ್ರಣ, ಅದು ಈಗ ಎಲ್ಲಿದೆ. ಶಾಸನಗಳ ಕ್ಷೇತ್ರಕಾರ್ಯ, ಗ್ರಂಥಸೂಚಿ, ಪದಕೋಶ ಇವುಗಳಲ್ಲಿಯೂ ಹೀಗೆಯೇ.

ಸಾಮೂಹಿಕ ಕಾರ್ಯಗಳಲ್ಲಿ ಪಾಲನ್ನು ಹೇಳುವುದು ಇನ್ನೂ ಅವಶ್ಯಕ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಾಗಿ ೧೯೭೦ರಿಂದ ೧೯೯೫ರವರೆಗೆ ಹೊರಬಂದಿತು. ಅದರ ಹಿಂದೆ ಪದಗಳನ್ನು ಆಯ್ದು ಚೀಟಿಗಳನ್ನು ಸಿದ್ಧಪಡಿಸಿದ ಅನೇಕರ ದೀರ್ಘಶ್ರಮವಿದೆ. ಇಂಥ ಕಾರ್ಯದಲ್ಲಿ ತೊಡಗಿದವರು ಮುಖಪುಟದ ಗೌರವವನ್ನು ತಮ್ಮದೆಂದು ಹೇಳಿಕೊಳ್ಳುವುದೂ ಸಲ್ಲದು. ವಿನಯದಿಂದ ತಮ್ಮ ಭಾಗವನ್ನು ಹೇಳದೆ ಇರುವುದೂ ಸಲ್ಲದು. ಯಾವ ಸಂಪುಟ, ಯಾವ ಅಕ್ಷರಭಾಗ, ಯಾವ ಕೆಲಸ, ಯಾವ ವರ್ಷಗಳು ಎಂಬಿಷ್ಟನ್ನು ಬರೆದರೆ ಸತ್ಯಕ್ಕೂ ವಿನಯಕ್ಕೂ ಹಾನಿಯಿಲ್ಲ.

ಎಣಿಕೆಯೊಂದರಿಂದಲೇ ವಿದ್ವತ್ತನ್ನು ಅಳೆಯುವ ಕ್ರಮದ ಕುಂದು ಇತರ ದೇಶಗಳಲ್ಲಿಯೂ ವಿದ್ವಾಂಸರ ಗಮನಕ್ಕೆ ಬಂದಿದೆ. ಪತ್ರಿಕೆಯ ಪ್ರಭಾವಾಂಕವನ್ನು ಲೇಖನದ ಯೋಗ್ಯತೆಯೆಂದು ಎಣಿಸಬಾರದೆಂಬ ಸ್ಯಾನ್‌ಫ್ರಾನ್ಸಿಸ್ಕೋ ಘೋಷಣೆಯು ರೂಪುಗೊಂಡುದು ೨೦೧೨ರಲ್ಲಿ. ೨೦೧೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ನಿರೂಪಣರೂಪದ ಸ್ವವಿವರಪತ್ರದ ಮಾದರಿಯೊಂದನ್ನು ಮುಂದಿಟ್ಟಿತು. ಜ್ಞಾನದ ಬೆಳವಣಿಗೆಗೆ, ಇತರ ವ್ಯಕ್ತಿಗಳ ಬೆಳವಣಿಗೆಗೆ, ವಿದ್ವತ್ಸಮಾಜಕ್ಕೆ, ಲೋಕಕ್ಕೆ ಎಂದು ನಾಲ್ಕು ತಲೆಬರಹಗಳಲ್ಲಿ ಸಂಶೋಧಕರು ತಮ್ಮ ಕೊಡುಗೆಯನ್ನು ವಾಕ್ಯಗಳಲ್ಲಿ ವಿವರಿಸಬೇಕೆಂಬುದು ಅದರ ಆಶಯ. ಬ್ರಿಟನ್ನಿನ ಸಂಶೋಧನ ಧನಸಹಾಯ ಸಂಸ್ಥೆಗಳು ಆ ಬಗೆಯ ಪತ್ರವನ್ನು ಬಳಕೆಗೆ ತಂದಿವೆ. ನಿರೂಪಣೆಗೆ ಅವಕಾಶ ದೊರೆತಲ್ಲಿ ಕನ್ನಡದ ಸಂಶೋಧಕರಿಗೆ ಹೇಳುವುದಕ್ಕೆ ಬಹಳವಿದೆ. ಆದರೆ ನಿರೂಪಣೆಯು ಪ್ರಶಸ್ತಿಯ ಕಡೆಗೆ ಜಾರುವ ಅಪಾಯವೂ ಉಂಟಾದುದರಿಂದ ಪ್ರತಿಯೊಂದು ಮಾತಿಗೂ ಕೃತಿ ಮತ್ತು ವರ್ಷದ ಆಧಾರವಿರಬೇಕು.

೬. ವರ್ಜಿಸಬೇಕಾದ ದೋಷಗಳು

ಮೊದಲನೆಯದು ಬಿರುದಿನ ಮೋಹ. ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದಿದ್ದಿತು. ಅದನ್ನು ಕೊಟ್ಟವನು ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೆಂಬುದು ತಿಳಿದಿರುವುದರಿಂದಲೇ ಚರಿತ್ರೆಗೆ ಅದು ಉಪಯುಕ್ತವಾಯಿತು. ಪ್ರಶಸ್ತಿ, ಸನ್ಮಾನಗಳನ್ನು ಬರೆಯುವಾಗ ಕೊಟ್ಟವರು ಯಾರು, ಯಾವ ಕೃತಿಗಾಗಿ, ಯಾವ ವರ್ಷ ಎಂಬ ಮೂರನ್ನೂ ಹೇಳಬೇಕು. ಈ ಮೂರನ್ನು ಹೇಳಲಾಗದ ಗೌರವವನ್ನು ಬಿಟ್ಟುಬಿಡುವುದು ಲೇಸು.

ಎರಡನೆಯದು ರಾಶಿ ಹಾಕುವುದು. ಉಪಸ್ಥಿತರಾಗಿದ್ದ ವಿಚಾರಸಂಕಿರಣ, ಪ್ರಬಂಧ ಓದಿದ ವಿಚಾರಸಂಕಿರಣ, ಆಹ್ವಾನಿತರಾಗಿ ಉಪನ್ಯಾಸ ಕೊಟ್ಟ ಸಭೆ ಇವು ಮೂ‌ರೂ ಒಂದೇ ಅಲ್ಲ. ಆಗತಾನೆ ಡಾಕ್ಟರೇಟ್ ಮುಗಿಸಿದವರ ಪತ್ರವು ಎರಡು ಮೂರು ಪುಟಗಳಲ್ಲಿ ಮುಗಿದರೆ ಅದರಲ್ಲಿ ಕೊರತೆಯೇನೂ ಇಲ್ಲ. ಮೂವತ್ತು ವರ್ಷ ದುಡಿದವರ ಪತ್ರವು ಸಹಜವಾಗಿಯೇ ಬೆಳೆಯುವುದು. ಆದರೆ ಯಾರದೇ ಆಗಲಿ, ಮುಖ್ಯವಾದ ಪದವಿ, ಹುದ್ದೆ, ಸಂಶೋಧನಕ್ಷೇತ್ರ, ಪ್ರಧಾನಕೃತಿಗಳು ಮೊದಲ ಪುಟದಲ್ಲಿಯೇ ಕಾಣಿಸಬೇಕು. ಎರಡೇ ಪುಟಗಳೆಂದು ಸಂಸ್ಥೆಯು ವಿಧಿಸಿದಾಗ ಅಕ್ಷರಗಳನ್ನು ಕಿರಿದಾಗಿಸುವ ಬದಲು ಕೃತಿಗಳನ್ನು ಆರಿಸಿ ಕೊಡುವುದು, ‘ಆಯ್ದ ಕೃತಿಗಳು’ ಎಂದು ತಲೆಬರಹದಲ್ಲಿ ಸೂಚಿಸುವುದು ಸರಿಯಾದ ಮಾರ್ಗ.

ಮೂರನೆಯದು ಒಂದೇ ಪತ್ರವನ್ನು ಎಲ್ಲ ಕಡೆಗೂ ಕಳುಹಿಸುವುದು. ಪೂರ್ಣವಾದ ಮೂಲಪತ್ರವೊಂದನ್ನು ಮನೆಯಲ್ಲಿ ಸದಾ ಸಿದ್ಧವಾಗಿಟ್ಟುಕೊಂಡು, ಕೃತಿಯೊಂದು ಹೊರಬಂದ ದಿನವೇ ಅದರಲ್ಲಿ ನಮೂದಿಸುತ್ತ ಬಂದರೆ, ಆಯಾ ಸಂದರ್ಭಕ್ಕೆ ಬೇಕಾದುದನ್ನು ಅದರಿಂದ ಆರಿಸಿಕೊಳ್ಳಬಹುದು. ಭಾಷಾವಿಜ್ಞಾನದ ಹುದ್ದೆಗೆ ವ್ಯಾಕರಣದ ಲೇಖನಗಳು ಮುಂದೆ ಬರಬೇಕು. ಹಸ್ತಪ್ರತಿ ವಿಭಾಗದ ಹುದ್ದೆಗೆ ಪರಿಷ್ಕರಣಗಳು ಮುಂದೆ ಬರಬೇಕು. ಕ್ರಮವು ಬದಲಾಗಬಹುದು, ಸಂಗತಿಯು ಬದಲಾಗಕೂಡದು.

ನಾಲ್ಕನೆಯದು ಸಣ್ಣದಾದರೂ ಬಹಳ ಮಂದಿಗೆ ತೊಂದರೆ ಕೊಟ್ಟಿರುವುದು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕಡತವು ಆ ಅಕ್ಷರಗಳಿಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳ ಸಾಲಾಗಿ ತೆರೆಯುತ್ತದೆ. ಯೂನಿಕೋಡ್ ಕನ್ನಡದಲ್ಲಿ ಬರೆದು, ಅಕ್ಷರಗಳು ಒಳಗೇ ಅಡಕವಾಗಿರುವ ಪಿ.ಡಿ.ಎಫ್. ರೂಪದಲ್ಲಿ ಕಳುಹಿಸಿದರೆ ಈ ಅನರ್ಥವು ತಪ್ಪುವುದು.

ಕಡೆಯದಾಗಿ, ಯೋಗ್ಯತೆಯನ್ನು ಬಲ್ಲವರೆಂದು ಇಬ್ಬರು ಮೂವರು ವಿದ್ವಾಂಸರ ಹೆಸರುಗಳನ್ನು ಕೊಡುವಾಗ ಅವರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯತಕ್ಕದ್ದು. ಹೆಸರಾಂತವರಾಗಿದ್ದೂ ಅರ್ಜಿದಾರರ ಕೃತಿಯನ್ನು ಓದದವರಿಗಿಂತ, ಅಷ್ಟು ಪ್ರಸಿದ್ಧರಲ್ಲದಿದ್ದರೂ ಪ್ರಬಂಧವನ್ನು ಸಾಲುಸಾಲಾಗಿ ಓದಿದವರ ಮಾತು ಹೆಚ್ಚು ಉಪಯುಕ್ತವಾದುದು.

೭. ಉಪಸಂಹಾರ

ಸ್ವವಿವರಪತ್ರವು ಆಯ್ಕೆಯನ್ನು ಖಂಡಿತಪಡಿಸಲಾರದು. ಸಮಿತಿಗಳ ನಿರ್ಣಯದಲ್ಲಿ ಬೇರೆ ಎಷ್ಟೋ ಸಂಗತಿಗಳು ಸೇರುವುವು. ಆದರೆ ನ್ಯಾಯವಾಗಿ ನಿರ್ಣಯಿಸಬೇಕೆಂಬ ಬುದ್ಧಿಯುಳ್ಳ ಸದಸ್ಯರೊಬ್ಬರು ಆ ಸಭೆಯಲ್ಲಿದ್ದರೆ, ಅವರ ಕೈಗೆ ಬೇಕಾದ ಸಾಧನವನ್ನು ಒದಗಿಸುವುದು ಅರ್ಜಿದಾರರ ಕರ್ತವ್ಯ. ಯಾವ ಹಸ್ತಪ್ರತಿಯಿಂದ ಯಾವ ಪಾಠ, ಯಾವ ವರ್ಷ ಯಾವ ತರಗತಿ, ಯಾವ ಗ್ರಂಥದಲ್ಲಿ ಎಷ್ಟು ಪಾಲು ಎಂಬುದು ಕಾಗದದ ಮೇಲೆ ಇದ್ದರೆ ಅವರು ಅದನ್ನು ಎತ್ತಿ ತೋರಿಸಿ ವಾದಿಸಬಲ್ಲರು. ಇಲ್ಲದಿದ್ದರೆ ಅವರ ಸದ್ಭಾವವೂ ನಿಷ್ಫಲವಾಗುವುದು.

ಸಾಹಿತ್ಯದ ಅಧ್ಯಾಪಕರು ಈ ಕೆಲಸಕ್ಕೆ ಹೊಸದಾಗಿ ವಿದ್ಯೆಯೊಂದನ್ನು ಕಲಿಯಬೇಕಾದುದಿಲ್ಲ. ಕವಿಯೊಬ್ಬನ ಸ್ವೋಕ್ತಿಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ಇದರಲ್ಲಿ ಸಂಗತಿ ಯಾವುದು, ಸ್ತುತಿ ಯಾವುದು, ಕಾಲನಿರ್ಣಯಕ್ಕೆ ಒದಗುವ ಸಾಲು ಯಾವುದು ಎಂದು ಅವರು ಪ್ರತಿವರ್ಷವೂ ಕೇಳುತ್ತಿರುವರು. ತಮ್ಮ ಪತ್ರವನ್ನು ಬರೆದು ಮುಗಿಸಿದಮೇಲೆ ಅದೇ ಮೂರು ಪ್ರಶ್ನೆಗಳನ್ನು ಅದಕ್ಕೂ ಹಾಕಿ, ಉತ್ತರ ದೊರೆಯದ ಸಾಲುಗಳನ್ನು ತಿದ್ದುವುದು ಅಥವಾ ಹೊಡೆದುಹಾಕುವುದು ಮಾತ್ರ ಉಳಿದಿರುವ ಕೆಲಸ.